ಹೊಸ ಕ್ಲ್ಯಾಮ್ ಮನೆಗೆ ಬಂದಾಗ: ರೀಫ್ ಟ್ಯಾಂಕ್‌ನಲ್ಲಿ ಮೊದಲ ತಿಂಗಳ ಆರೈಕೆ

ರೀಫ್ ಟ್ಯಾಂಕ್, ಅಂದರೆ ಹವಳ ಬೆಳೆಸುವ ಉಪ್ಪುನೀರಿನ ಅಕ್ವೇರಿಯಂಗೆ ನಾನು ತಂದ ಮೊದಲ ಕ್ಲ್ಯಾಮ್, ಅಂದರೆ ಬಣ್ಣದ ಕಪ್ಪೆಚಿಪ್ಪು, ಒಂಬತ್ತು ದಿನ ಬದುಕಿತ್ತು. ನೀರು ಚೆನ್ನಾಗಿತ್ತು, ಲೈಟ್ ಚೆನ್ನಾಗಿತ್ತು, ಟೆಸ್ಟ್ ಕಿಟ್ ತೋರಿಸಿದ ಅಂಕಿಗಳೂ ಸರಿ ಇದ್ದವು. ಸರಿ ಇಲ್ಲದ್ದು ನನ್ನ ಕೈ. ಮೊದಲ ದಿನ ಬಂಡೆಯ ಮೇಲೆ ಇಟ್ಟೆ. ಎರಡನೇ ದಿನ ಅಲ್ಲಿ ಚೆಂದ ಕಾಣಲಿಲ್ಲ ಅಂತ ಗಾಜಿನ ಹತ್ತಿರ ತಂದೆ. ನಾಲ್ಕನೇ ದಿನ ನೋಡಿದರೆ ಕಲ್ಲಿಗೆ ಅಂಟಿಕೊಂಡಿತ್ತು. ಸ್ವಲ್ಪ ಎಳೆದರೆ ಬರುತ್ತದೆ ಅಂದುಕೊಂಡು ಎಳೆದೆ. ಬಂತು. ಕಾಲಿನ ಬುಡ ಹರಿದುಕೊಂಡು ಬಂದಿದೆ ಅಂತ ತಿಳಿಯಲು ಇನ್ನೂ ಐದು ದಿನ ಬೇಕಾಯಿತು.

ಮೊದಲ ತಿಂಗಳು ದಾಟಿದ ಕ್ಲ್ಯಾಮ್ ಗಟ್ಟಿ ಪ್ರಾಣಿ. ಆಮೇಲೆ ವರ್ಷಗಟ್ಟಲೆ ಇರುತ್ತದೆ. ಪರದಾಟವೆಲ್ಲ ಆ ನಾಲ್ಕು ವಾರದ್ದು. ಹಾಗಾಗಿ ಇಲ್ಲಿ ಜಾಸ್ತಿ ಮಾತು ಅದರ ಬಗ್ಗೆಯೇ.

ಮೊದಲು, ಇದು ಎಂಥ ಪ್ರಾಣಿ

ಅಕ್ವೇರಿಯಂ ಅಂಗಡಿಯಲ್ಲಿ ಸಿಗುವ ಬಣ್ಣದ ಕ್ಲ್ಯಾಮ್‌ಗಳು ಟ್ರೈಡಾಕ್ನಾ ಗುಂಪಿನವು. ಕಪ್ಪೆಚಿಪ್ಪಿನ ಬಳಗವೇ, ಆದರೆ ಬದುಕುವ ರೀತಿ ಬೇರೆ. ಚಿಪ್ಪಿನ ಬಾಯಿಂದ ಹೊರಚಾಚಿಕೊಂಡಿರುವ ಬಣ್ಣದ ಮಾಂಸಲ ಪದರ ಇದೆಯಲ್ಲ, ಅದಕ್ಕೆ ಮ್ಯಾಂಟಲ್ ಅನ್ನುತ್ತಾರೆ. ಅದರೊಳಗಿನ ಸಣ್ಣ ಕೊಳವೆಗಳಲ್ಲಿ ಜೂಕ್ಸಾಂತೆಲ್ಲೆ ಎಂಬ ಪಾಚಿಯ ಕಣಗಳು ವಾಸ ಮಾಡುತ್ತವೆ. ಬೆಳಕು ಬಿದ್ದರೆ ಅವು ಸಕ್ಕರೆ ತಯಾರಿಸುತ್ತವೆ. ಕ್ಲ್ಯಾಮ್ ಅದನ್ನು ತಿಂದು ಬದುಕುತ್ತದೆ. ಜೊತೆಗೆ ಕಿವಿರಿನಿಂದ ನೀರು ಸೋಸಿ ಸೂಕ್ಷ್ಮ ಜೀವಿಗಳನ್ನೂ ಹಿಡಿಯುತ್ತದೆ.

ಮ್ಯಾಂಟಲ್ ಮೇಲೆ ಎರಡು ತೂತು ಕಾಣುತ್ತವೆ. ಸೀಳಿನ ಹಾಗಿರುವುದು ನೀರು ಒಳಗೆ ಎಳೆಯುವ ಸೈಫನ್. ಕೊಳವೆಯ ಹಾಗೆ ಮೇಲೆದ್ದಿರುವುದು ನೀರು ಹೊರಬಿಡುವ ಸೈಫನ್. ಮ್ಯಾಂಟಲ್ ಅಂಚಿನುದ್ದಕ್ಕೂ ನೂರಾರು ಪುಟ್ಟ ಕಣ್ಣುಗಳಿವೆ. ಅವಕ್ಕೆ ಚಿತ್ರ ಸ್ಪಷ್ಟವಾಗಿ ಕಾಣುವುದಿಲ್ಲ, ನೆರಳು ಬಿದ್ದದ್ದು ಮಾತ್ರ ಗೊತ್ತಾಗುತ್ತದೆ. ನೀವು ಕೈ ಅಡ್ಡ ಹಿಡಿದಾಗ ಅದು ಫಕ್ಕನೆ ಮುಚ್ಚಿಕೊಳ್ಳುವುದು ಇದರಿಂದಲೇ. ಕೆಳಗೆ, ಚಿಪ್ಪಿನ ಕೀಲಿನ ಪಕ್ಕದಲ್ಲಿ ಒಂದು ಸಂದು ಇದೆ. ಅಲ್ಲಿಂದ ಕಾಲು ಹೊರಬಂದು ಬಿಸಲ್ ಎಳೆಗಳನ್ನು ಹೊರಡಿಸಿ ಕಲ್ಲಿಗೆ ಕಟ್ಟಿಕೊಳ್ಳುತ್ತದೆ. ನಾನು ಹಾಳು ಮಾಡಿದ್ದು ಇದನ್ನೇ.

ಯಾವ ಜಾತಿ ತಂದಿರಿ ಅನ್ನುವುದು ತಿಳಿದಿರಬೇಕು. ಕ್ರೋಸಿಯಾ ಸುಮಾರು 15 ಸೆಂಟಿಮೀಟರ್‌ಗೆ ನಿಲ್ಲುತ್ತದೆ, ಬಣ್ಣ ಕಣ್ಣು ಕುಕ್ಕುತ್ತದೆ, ಬೆಳಕು ಸಿಕ್ಕಾಪಟ್ಟೆ ಕೇಳುತ್ತದೆ. ಮ್ಯಾಕ್ಸಿಮಾ 30 ಸೆಂಟಿಮೀಟರ್ ತನಕ ಹೋಗುತ್ತದೆ, ಬೆಳಕಿನ ಹಸಿವು ಹೆಚ್ಚುಕಡಿಮೆ ಅಷ್ಟೇ. ಸ್ಕ್ವಾಮೋಸಾ ಮತ್ತು ಡೆರಾಸಾ ದೊಡ್ಡವು, ಬೇಗ ಬೆಳೆಯುತ್ತವೆ, ಸಣ್ಣಪುಟ್ಟ ತಪ್ಪನ್ನು ಸಹಿಸುತ್ತವೆ. ಮೊದಲ ಸಲ ಸಾಕುವವರು ಡೆರಾಸಾ ತನ್ನಿ ಅಂತ ನಾನು ಹೇಳುತ್ತೇನೆ. ಕ್ರೋಸಿಯಾದ ನೀಲಿ ನೋಡಿದ ಮೇಲೆ ಯಾರೂ ಈ ಮಾತು ಕೇಳುವುದಿಲ್ಲ, ಅದೂ ಗೊತ್ತು. ಗಿಗಾಸ್ ಮಾತ್ರ ಬೇಡ. ಅದು ಒಂದು ಮೀಟರ್ ದಾಟಿ, 200 ಕಿಲೋ ಮೀರಿ ತೂಗುವ ಪ್ರಾಣಿ.

ಟ್ಯಾಂಕ್ ಕ್ಲ್ಯಾಮ್‌ಗೆ ತಯಾರಿದೆಯಾ?

ಆರು ತಿಂಗಳು ತುಂಬದ ಟ್ಯಾಂಕ್‌ಗೆ ಕ್ಲ್ಯಾಮ್ ಹಾಕಬೇಡಿ. ಒಂದು ವರ್ಷ ಆಗಿದ್ದರೆ ಇನ್ನೂ ಒಳ್ಳೆಯದು. ಹೊಸ ಟ್ಯಾಂಕ್‌ನಲ್ಲಿ ಅಂಕಿಗಳು ದಿನಕ್ಕೊಂದು ಕಡೆ ಓಡುತ್ತಿರುತ್ತವೆ, ಕ್ಲ್ಯಾಮ್‌ಗೆ ಅದು ಆಗಿಬರುವುದಿಲ್ಲ.

ತಾಪಮಾನ 24ರಿಂದ 27 ಡಿಗ್ರಿ ಸೆಲ್ಸಿಯಸ್. ಉಪ್ಪಿನಂಶ 35 ಪಿಪಿಟಿ (ಸಾವಿರಕ್ಕೆ 35 ಭಾಗ), ಅಂದರೆ ಸಾಂದ್ರತೆ 1.025ರಿಂದ 1.026. ಪಿಎಚ್ 8.1ರಿಂದ 8.4. ಕ್ಯಾಲ್ಸಿಯಂ 400ರಿಂದ 450 ಪಿಪಿಎಂ (ಹತ್ತು ಲಕ್ಷಕ್ಕೆ ಇಷ್ಟು ಭಾಗ ಎಂಬ ಅಳತೆ), ಮೆಗ್ನೀಸಿಯಂ 1250ರಿಂದ 1350. ಆಲ್ಕಲಿನಿಟಿ, ಅಂದರೆ ಪಿಎಚ್ ಏರಿಳಿಯದಂತೆ ತಡೆಯುವ ನೀರಿನ ಶಕ್ತಿ, 8ರಿಂದ 10 ಡಿಕೆಎಚ್ (ಅದರ ಅಳತೆ) ನಡುವೆ ಎಲ್ಲಿದ್ದರೂ ನಡೆಯುತ್ತದೆ, ಆದರೆ ಇದ್ದಲ್ಲೇ ಇರಬೇಕು. ಇವತ್ತು 8, ನಾಳೆ 10 ಅಂತ ಜಿಗಿದರೆ ಮ್ಯಾಂಟಲ್ ಒಳಗೆ ಎಳೆದುಕೊಳ್ಳುತ್ತದೆ. ಅಮೋನಿಯಾ, ನೈಟ್ರೈಟ್ ಸೊನ್ನೆ.

ನೈಟ್ರೇಟ್ ವಿಷಯದಲ್ಲಿ ತುಂಬ ಜನ ಎಡವುತ್ತಾರೆ. ನೀರು ಪೂರ್ತಿ ಶುದ್ಧವಾಗಿದ್ದರೆ ಒಳ್ಳೆಯದು ಅಂತ ನೈಟ್ರೇಟನ್ನು ಸೊನ್ನೆಗೆ ಇಳಿಸುತ್ತಾರೆ. ಮ್ಯಾಂಟಲ್ ಒಳಗಿನ ಪಾಚಿಗೆ ಸಾರಜನಕವೂ ರಂಜಕವೂ ಬೇಕು, ಅದು ಬರುವುದು ನೀರಿನಿಂದಲೇ. 5ರಿಂದ 10 ಪಿಪಿಎಂ ನೈಟ್ರೇಟ್, 0.03ರಿಂದ 0.1 ಪಿಪಿಎಂ ಫಾಸ್ಫೇಟ್ ಇದ್ದರೆ ಕ್ಲ್ಯಾಮ್ ಖುಷಿಯಾಗಿರುತ್ತದೆ. ಮೀನಿದ್ದು, ಅವಕ್ಕೆ ದಿನಾ ಊಟ ಬೀಳುತ್ತಿರುವ ಟ್ಯಾಂಕ್‌ನಲ್ಲಿ ಕ್ಲ್ಯಾಮ್ ಬೆಳೆಯುವುದು ಸುಮ್ನೆ ಅಲ್ಲ.

ತಾಮ್ರ ಕ್ಲ್ಯಾಮ್‌ಗೆ ವಿಷ. ಮೀನಿನ ಕಾಯಿಲೆಗೆ ತಾಮ್ರದ ಔಷಧ ಹಾಕಿದ ಟ್ಯಾಂಕ್ ಆಗಿದ್ದರೆ ಅದರಲ್ಲಿ ಕ್ಲ್ಯಾಮ್ ಇಡುವ ಯೋಚನೆ ಬಿಡಿ. ಆ ಟ್ಯಾಂಕ್‌ನ ಬಂಡೆ, ಮರಳು, ಪೈಪನ್ನೂ ಮತ್ತೆ ಬಳಸಬೇಡಿ. ಟ್ಯಾಂಕ್‌ಗೆ ಸೇರಿಸುವ ನೀರು ಲವಣ, ಲೋಹಗಳನ್ನೆಲ್ಲ ತೆಗೆದುಹಾಕುವ ಆರ್‌ಓ-ಡಿಐ ಫಿಲ್ಟರ್‌ನದ್ದೇ ಆಗಿರಲಿ.

ಇನ್ನು ಮೀನುಗಳು. ಏಂಜಲ್, ಬಟರ್‌ಫ್ಲೈ, ಟ್ರಿಗರ್, ಪಫರ್ ಜಾತಿಯವು ಮ್ಯಾಂಟಲ್ ಕುಟುಕುತ್ತವೆ. ಪುಟ್ಟ ಡ್ವಾರ್ಫ್ ಏಂಜಲ್ ಇಷ್ಟು ದಿನ ಸಾಧುವಾಗಿತ್ತು, ಇನ್ನೂ ಇರುತ್ತದೆ ಅಂತ ನಂಬಬೇಡಿ. ಅದರ ಎದುರು ಕ್ಲ್ಯಾಮ್ ಇಟ್ಟು ನೋಡಿದ ಮೇಲೇ ಗೊತ್ತಾಗುವುದು.

ಕೊಳ್ಳುವಾಗ

ಟ್ರೈಡಾಕ್ನಾ ಗುಂಪಿನ ಎಲ್ಲ ಜಾತಿಗಳೂ ಸೈಟೀಸ್ ಎಂಬ ಅಂತರರಾಷ್ಟ್ರೀಯ ಒಪ್ಪಂದದ ಎರಡನೇ ಅನುಬಂಧದಲ್ಲಿವೆ. ಗಡಿ ದಾಟಿ ಬರಲು ಪರವಾನಗಿ ಬೇಕು. ಕೆಲವು ದೇಶಗಳಲ್ಲಿ ಕೆಲವು ಜಾತಿಗಳನ್ನು ಇಟ್ಟುಕೊಳ್ಳುವುದೇ ಅಪರಾಧ. ನೀವಿರುವ ಕಡೆ ಕಾನೂನು ಏನು ಹೇಳುತ್ತದೆ ಅಂತ ನೋಡಿಕೊಂಡೇ ಮುಂದುವರಿಯಿರಿ. ಸಮುದ್ರದಿಂದ ಕಿತ್ತು ತಂದದ್ದು ಬೇಡ, ಸಾಕಣೆ ಕೇಂದ್ರದ್ದೇ ಕೇಳಿ. 1980ರ ದಶಕದಿಂದಲೇ ಪಲಾವ್ ದ್ವೀಪಗಳಲ್ಲಿ ಡೆರಾಸಾ ಮರಿ ಮಾಡಿಸಿ ಬೆಳೆಸುತ್ತಿದ್ದಾರೆ, ಹಾಗಾಗಿ ಸಾಕಿದ್ದು ಸಿಗುವುದಿಲ್ಲ ಅನ್ನುವ ನೆಪಕ್ಕೆ ಅರ್ಥವಿಲ್ಲ.

ಅಂಗಡಿಯ ಟ್ಯಾಂಕ್ ಮುಂದೆ ನಿಂತು ಕೈ ಅಡ್ಡ ಹಿಡಿಯಿರಿ. ಕ್ಲ್ಯಾಮ್ ತಕ್ಷಣ ಮುದುಡಿಕೊಳ್ಳಬೇಕು. ನಿಧಾನಕ್ಕೆ ಸೋಮಾರಿಯಾಗಿ ಮುಚ್ಚಿದರೆ ಬೇಡ. ಒಳಸೈಫನ್ ಬಾಯಿ ಬಿಟ್ಟುಕೊಂಡು ಒಳಗಿನ ಕಿವಿರು ಕಾಣುತ್ತಿದ್ದರೂ ಬೇಡ. ಮ್ಯಾಂಟಲ್ ನಡುವೆ ಬಿಳುಚಿದ ಜಾಗ ಇದ್ದರೆ ಬೆಳಕಿಲ್ಲದೆ ಬಳಲಿದೆ ಅಂತ ಅರ್ಥ. ಆಮೇಲೆ ಅಂಗಡಿಯವರಿಗೆ ಹೇಳಿ ಕೆಳಭಾಗ ನೋಡಿ. ಸಂದಿನಲ್ಲಿ ಕಾಲು ಹರಿಯದೆ, ನೇತಾಡದೆ ಇರಬೇಕು. ಅಂಟಿಕೊಂಡಿರುವ ಕ್ಲ್ಯಾಮನ್ನು ಅವರು ಎಳೆಯಲು ಹೋದರೆ ತಡೆಯಿರಿ. ಕಲ್ಲಿನ ಸಮೇತ ಕೊಡಿ ಅನ್ನಿ. ಅದಾಗದಿದ್ದರೆ ನೀರೊಳಗೇ, ಹರಿತವಾದ ಬ್ಲೇಡಿನಿಂದ, ಕಲ್ಲಿಗೆ ತಾಗಿಸಿಕೊಂಡು ಬಿಸಲ್ ಎಳೆಗಳನ್ನು ಕೊಯ್ಯಬೇಕು. ಕೊಯ್ದ ಎಳೆ ಮತ್ತೆ ಬರುತ್ತದೆ, ಹರಿದ ಕಾಲು ಬರುವುದಿಲ್ಲ.

5 ಸೆಂಟಿಮೀಟರ್‌ಗಿಂತ ಚಿಕ್ಕದು ಮುದ್ದಾಗಿ ಕಂಡರೂ ಬಿಡಿ. ಪ್ರಯಾಣದ ಸುಸ್ತು ತಡೆಯುವ ಶಕ್ತಿ ಅಷ್ಟು ಚಿಕ್ಕದಕ್ಕೆ ಕಡಿಮೆ. ಇವತ್ತಷ್ಟೇ ಬಂದಿಳಿದ ಕ್ಲ್ಯಾಮ್ ಇಷ್ಟವಾದರೆ ಮುಂಗಡ ಕೊಟ್ಟು ಒಂದು ವಾರ ಅಲ್ಲೇ ಬಿಡಿ. ಆ ವಾರ ದಾಟಿದರೆ ಅರ್ಧ ಗೆದ್ದಂತೆ.

ಮನೆಗೆ ಬಂದ ದಿನ

ಟ್ಯಾಂಕ್ ಲೈಟ್ ಆರಿಸಿ ಅಥವಾ ತುಂಬ ಕಡಿಮೆ ಮಾಡಿ. ಚೀಲವನ್ನು ಬಿಚ್ಚದೆ 20 ನಿಮಿಷ ನೀರಿನ ಮೇಲೆ ತೇಲಲು ಬಿಡಿ, ತಾಪಮಾನ ಒಂದಾಗಲಿ.

ಮುಂದಿನದ್ದು ಕ್ಲ್ಯಾಮ್ ಎಷ್ಟು ಹೊತ್ತು ಚೀಲದಲ್ಲಿತ್ತು ಅನ್ನುವುದರ ಮೇಲೆ ಹೋಗುತ್ತದೆ. ಒಂದೆರಡು ಗಂಟೆಯ ದಾರಿಯಾದರೆ ಬಕೆಟ್‌ಗೆ ಹಾಕಿ, ಏರ್‌ಲೈನ್ ಕೊಳವೆಯಲ್ಲಿ (ಗಾಳಿ ಪಂಪಿನ ತೆಳು ಪ್ಲಾಸ್ಟಿಕ್ ಕೊಳವೆ) ಗಂಟು ಹಾಕಿ, ಟ್ಯಾಂಕ್ ನೀರನ್ನು ಸೆಕೆಂಡಿಗೆ ಎರಡು ಮೂರು ಹನಿ ಬೀಳುವಂತೆ ಮುಕ್ಕಾಲು ಗಂಟೆಯಿಂದ ಒಂದು ಗಂಟೆ ಬಿಡಿ. ರಾತ್ರಿಯಿಡೀ ಪ್ರಯಾಣ ಮಾಡಿ ಬಂದಿದ್ದರೆ ಇಷ್ಟು ಎಳೆಯಬೇಡಿ. ಮುಚ್ಚಿದ ಚೀಲದಲ್ಲಿ ಇಂಗಾಲದ ಡೈಆಕ್ಸೈಡ್ ತುಂಬಿ ಪಿಎಚ್ ಇಳಿದಿರುತ್ತದೆ. ಪಿಎಚ್ ಕಡಿಮೆ ಇದ್ದಾಗ ಚೀಲದಲ್ಲಿ ಸೇರಿದ ಅಮೋನಿಯಾದ ವಿಷ ಅಷ್ಟಾಗಿ ತಟ್ಟುವುದಿಲ್ಲ. ಚೀಲ ಬಿಚ್ಚಿದ ಕೂಡಲೇ ಗಾಳಿ ತಾಗಿ ಪಿಎಚ್ ಏರತೊಡಗುತ್ತದೆ, ಅಮೋನಿಯಾ ಕಚ್ಚಲು ಶುರು ಮಾಡುತ್ತದೆ. ಆಗ ನಾವು ಹನಿ ಹನಿ ನೀರು ಬಿಡುತ್ತಾ ಕೂತರೆ ಕ್ಲ್ಯಾಮ್ ಆ ಕೊಳೆಯಲ್ಲೇ ಬೇಯುತ್ತಿರುತ್ತದೆ. ಇಂಥ ಸಂದರ್ಭದಲ್ಲಿ ಮೊದಲೇ ಚೀಲದ ಉಪ್ಪಿನಂಶ ಕೇಳಿಕೊಂಡು, ಅದೇ ಉಪ್ಪಿನಂಶದ ತಾಜಾ ನೀರು ತಯಾರಿಟ್ಟು, ತಾಪಮಾನ ಹೊಂದಿದ ಕೂಡಲೇ ಕ್ಲ್ಯಾಮನ್ನು ಅದಕ್ಕೆ ಸಾಗಿಸಿ. ಹೊಂದಿಸುವ ಕೆಲಸ ಅಲ್ಲಿಂದ ಮುಂದೆ ನಿಧಾನವಾಗಿ ಆಗಲಿ.

ಟ್ಯಾಂಕ್‌ಗೆ ಬಿಡುವ ಮುನ್ನ ಚಿಪ್ಪನ್ನು ಹಳೆಯ ಮೃದುವಾದ ಟೂತ್‌ಬ್ರಷ್‌ನಿಂದ ಉಜ್ಜಿ. ಚಿಪ್ಪಿನ ಮೇಲೆ ಎಲೆಗಳಂತೆ ಎದ್ದಿರುವ ಪದರಗಳ ಅಡಿಯಲ್ಲಿ ಬ್ರಷ್ ಆಡಬೇಕು. ಕಾಲಿನ ಸಂದಿನ ಹತ್ತಿರ ಬ್ರಷ್ ಹೋಗಬಾರದು. ಇದನ್ನು ಯಾಕೆ ಮಾಡುತ್ತೇವೆ ಅಂತ ಆಮೇಲೆ ಹೇಳುತ್ತೇನೆ. ಪ್ರತ್ಯೇಕ ಕ್ವಾರಂಟೈನ್ ಟ್ಯಾಂಕ್ ಇದ್ದು, ಅದರಲ್ಲಿ ಒಳ್ಳೆಯ ಲೈಟೂ ಇದ್ದರೆ ಮೂರು ನಾಲ್ಕು ವಾರ ಅಲ್ಲೇ ಇಡಿ. ಮಂದ ದೀಪದ ಕ್ವಾರಂಟೈನ್ ಕ್ಲ್ಯಾಮ್‌ಗೆ ಉಪವಾಸ ಇದ್ದ ಹಾಗೆ, ಅದಕ್ಕಿಂತ ಇಲ್ಲದಿರುವುದೇ ವಾಸಿ.

ಸಾಗಿಸುವಾಗ ಬಟ್ಟಲಲ್ಲಿ ನೀರಿನ ಸಮೇತ ಸಾಗಿಸಿ. ಒಂದೆರಡು ಕ್ಷಣ ಗಾಳಿ ತಾಗಿದರೆ ಏನೂ ಆಗುವುದಿಲ್ಲ. ಸಮುದ್ರದಲ್ಲಿ ಇಳಿತದ ಹೊತ್ತು ಆಳ ಕಡಿಮೆ ಇರುವ ಕಡೆ ಇವು ನೀರಿಂದ ಹೊರಗೆ ಉಳಿಯುವುದೂ ಉಂಟು. ತೊಂದರೆ ಏನೆಂದರೆ ಒಳಗೆ ಗಾಳಿಗುಳ್ಳೆ ಸಿಕ್ಕಿಕೊಳ್ಳಬಹುದು. ಹೊರಗೆ ತೆಗೆಯಲೇಬೇಕಾಗಿ ಬಂದಿದ್ದರೆ, ನೀರಿಗಿಳಿಸಿದ ಮೇಲೆ ನಿಧಾನವಾಗಿ ಆಚೆ ಈಚೆ ಓಲಿಸಿ, ಗುಳ್ಳೆ ಹೊರಬರಲಿ. ಚೀಲದ ನೀರನ್ನು ಟ್ಯಾಂಕ್‌ಗೆ ಸುರಿಯಬೇಡಿ.

ಎಲ್ಲಿ ಕೂರಿಸಬೇಕು

ಡೆರಾಸಾ, ಸ್ಕ್ವಾಮೋಸಾ ಮರಳಿನ ಮೇಲೆ ಕೂರಲಿ. ಕ್ರೋಸಿಯಾ, ಮ್ಯಾಕ್ಸಿಮಾ ಕಲ್ಲಿನ ಜಾತಿಗಳು. ಕ್ರೋಸಿಯಾವಂತೂ ಪ್ರಕೃತಿಯಲ್ಲಿ ಹವಳದ ಬಂಡೆಯನ್ನೇ ಕೊರೆದು ಒಳಗೆ ಕೂರುತ್ತದೆ.

ಹಾಗಂತ ಮೊದಲ ದಿನವೇ ಬಂಡೆಯ ತುದಿಗೆ ಏರಿಸಬೇಡಿ. ಅಂಟಿಕೊಳ್ಳದ ಕ್ಲ್ಯಾಮ್ ಚಿಪ್ಪು ಫಟ್ಟನೆ ಮುಚ್ಚಿದ ರಭಸಕ್ಕೇ ಉರುಳಿ ಬೀಳುತ್ತದೆ. ಮ್ಯಾಂಟಲ್ ಕೆಳಗಾಗಿ ಬಿದ್ದು, ನೀವು ಗಮನಿಸದಿದ್ದರೆ ಅಲ್ಲಿಗೆ ಮುಗಿಯಿತು. ನಾನು ಈಗ ಎಲ್ಲ ಜಾತಿಗೂ ಒಂದೇ ಉಪಾಯ ಮಾಡುತ್ತೇನೆ. ಅಂಗೈಯಗಲದ ಚಪ್ಪಟೆ ಕಲ್ಲೊಂದನ್ನು ಮರಳಿನಲ್ಲಿ ಅರ್ಧ ಹೂತು, ಅದರ ಮೇಲೆ ಕ್ಲ್ಯಾಮ್ ಕೂರಿಸಿ, ಎರಡು ಪಕ್ಕಕ್ಕೂ ಸಣ್ಣ ಕಲ್ಲು ಒತ್ತಾಗಿ ಇಡುತ್ತೇನೆ. ಒಂದೆರಡು ದಿನದಲ್ಲಿ, ಕೆಲವೊಮ್ಮೆ ವಾರದಲ್ಲಿ, ಅದು ಆ ಕಲ್ಲಿಗೆ ಅಂಟಿಕೊಳ್ಳುತ್ತದೆ. ಆಮೇಲೆ ಎಲ್ಲಿಗೆ ಬೇಕಾದರೂ ಕಲ್ಲಿನ ಸಮೇತ ಎತ್ತಿಕೊಂಡು ಹೋಗಬಹುದು. ಕ್ಲ್ಯಾಮ್‌ಗೆ ಕೈ ತಾಗಿಸುವ ಪ್ರಶ್ನೆಯೇ ಇಲ್ಲ. ಅಡಿಯಲ್ಲಿ ಕಲ್ಲಿದ್ದರೆ ಮರಳಿನಲ್ಲಿ ಅವಿತಿರುವ ಹುಳಗಳೂ ಕಾಲಿನ ಸಂದಿಗೆ ನುಗ್ಗಲಾರವು.

ನೀರಿನ ಹರಿವು ಮೃದುವಾಗಿರಲಿ, ನೇರ ಬಡಿಯದಿರಲಿ. ಮ್ಯಾಂಟಲ್ ಸಣ್ಣಗೆ ಅಲೆಯಾಡುತ್ತಿದ್ದರೆ ಸರಿ. ಅಂಚು ಮಡಚಿಕೊಂಡು ಚಿಪ್ಪಿನ ಮೇಲೆ ಬಿದ್ದರೆ ಪಂಪ್ ತಿರುಗಿಸಿ. ಕುಟುಕುವ ಹವಳಗಳಿಂದ ದೂರ ಇಡಿ, ಪಕ್ಕದಲ್ಲಿ ಐಪ್ಟೇಶಿಯಾ ಎಂಬ, ಕಳೆಯಂತೆ ಹಬ್ಬುವ ಕುಟುಕು ಅನೆಮೋನ್ ಇದ್ದರೆ ಮೊದಲು ಅದನ್ನು ತೆಗೆಯಿರಿ.

ಮತ್ತೆ ಹೇಳುತ್ತೇನೆ, ಒಂದು ಸಲ ಇಟ್ಟ ಮೇಲೆ ಕೈ ಹಿಂದಕ್ಕೆ ತೆಗೆದುಕೊಳ್ಳಿ. ಅದು ತಾನೇ ಸ್ವಲ್ಪ ತಿರುಗಿಕೊಳ್ಳಬಹುದು, ಅರ್ಧ ಇಂಚು ಸರಿಯಬಹುದು. ಸರಿಯಲಿ.

ಲೈಟ್

ಪಾರ್ ಮೀಟರ್ (ಪಾಚಿಗೆ ಉಪಯೋಗವಾಗುವ ಬೆಳಕನ್ನು ಅಳೆಯುವ ಸಾಧನ) ಸಿಕ್ಕರೆ ಬಾಡಿಗೆಗೋ ಎರವಲೋ ತಂದು ಅಳೆಯಿರಿ. ಕ್ರೋಸಿಯಾ, ಮ್ಯಾಕ್ಸಿಮಾ ಕೂತ ಜಾಗದಲ್ಲಿ ಸುಮಾರು 250ರಿಂದ 400 ಪಾರ್, ಡೆರಾಸಾ ಮತ್ತು ಸ್ಕ್ವಾಮೋಸಾಗೆ 150ರಿಂದ 250 ಇದ್ದರೆ ಸಾಕು. ಇದು ತಲುಪಬೇಕಾದ ಅಂಕಿ, ಮೊದಲ ದಿನದ್ದಲ್ಲ. ಅಂಗಡಿಯ ಮಂದ ಬೆಳಕಿನಿಂದಲೋ ಕತ್ತಲೆ ಪೆಟ್ಟಿಗೆಯಿಂದಲೋ ಬಂದ ಕ್ಲ್ಯಾಮನ್ನು ನೇರ ಎಲ್‌ಇಡಿ ಕೆಳಗೆ ಇಟ್ಟರೆ ಪಾಚಿಯನ್ನು ಹೊರಹಾಕಿ ಬಿಳುಚಿಕೊಳ್ಳುತ್ತದೆ. ಲೈಟನ್ನು ಗುರಿಯ ಅರ್ಧಕ್ಕೆ ಇಳಿಸಿ ಶುರು ಮಾಡಿ, ಮೂರು ದಿನಕ್ಕೊಮ್ಮೆ ಐದು ಪರ್ಸೆಂಟ್‌ನಂತೆ ಏರಿಸಿ. ಸುಮಾರು ಒಂದು ತಿಂಗಳು ಹಿಡಿಯುತ್ತದೆ. ಬೇರೆ ಹವಳಗಳಿಗೆ ಬೆಳಕು ಕಡಿಮೆಯಾಗುತ್ತದೆ ಅನ್ನುವ ಚಿಂತೆ ಇದ್ದರೆ ಕ್ಲ್ಯಾಮನ್ನು ಅದರ ಕಲ್ಲಿನ ಸಮೇತ ಮೂಲೆಯಲ್ಲಿಟ್ಟು ವಾರಕ್ಕೊಂದು ಹೆಜ್ಜೆ ನಡುವಿಗೆ ತನ್ನಿ.

ಬೆಳಕು ಮೇಲಿನಿಂದ ಬೀಳಬೇಕು. ಪಕ್ಕದ ಗಾಜಿನಿಂದ ಚೆಂದ ಕಾಣಲಿ ಅಂತ ವಾಲಿಸಿ ಇಡುವವರಿದ್ದಾರೆ. ಅದರ ನೀಲಿ ಹಸಿರು ಮಿಂಚು ನೋಡಬೇಕಾದ್ದು ಮೇಲಿನಿಂದಲೇ, ಕುರ್ಚಿ ಹಾಕಿ ಹತ್ತಿ ನೋಡಿ.

ಮೊದಲ ವಾರ: ಹಗಲು ಕಾಯುವುದು, ರಾತ್ರಿ ಹುಡುಕುವುದು

ಮೊದಲ ದಿನ ಪೂರ್ತಿ ಮುಚ್ಚಿಕೊಂಡೇ ಇರಬಹುದು. ಎರಡನೇ ದಿನ ಸ್ವಲ್ಪ ಇಣುಕಬಹುದು. ಮೂರು ದಿನದ ತನಕ ಗಾಬರಿ ಬೇಡ. ಅರ್ಧ ಚಾಚಿದ ಮ್ಯಾಂಟಲ್, ನೆರಳಿಗೆ ಚುರುಕಾಗಿ ಮುಚ್ಚುವುದು, ಇವೆರಡಿದ್ದರೆ ಎಲ್ಲ ಸರಿಯಿದೆ. ದಿನಕ್ಕೆ ಹತ್ತು ಸಲ ಕೈ ಅಡ್ಡ ಹಿಡಿದು ಪರೀಕ್ಷೆ ಮಾಡಬೇಡಿ, ಒಂದು ಸಲ ಸಾಕು.

ರಾತ್ರಿ ಲೈಟ್ ಆರಿ ಎರಡು ಗಂಟೆಯಾದ ಮೇಲೆ ಟಾರ್ಚ್ ಹಿಡಿದು ಹೋಗಿ. ಹುಡುಕಬೇಕಾದ್ದು ಪಿರಮಿಡೆಲ್ಲಿಡ್ ಬಸವನಹುಳು. ಅಕ್ಕಿ ಕಾಳಿನಷ್ಟು ಅಥವಾ ಅದಕ್ಕಿಂತ ಸಣ್ಣ, ಬಿಳಿ, ಚೂಪು ತುದಿ. ಹಗಲು ಚಿಪ್ಪಿನ ಬುಡದಲ್ಲಿ ಅವಿತಿರುತ್ತವೆ, ರಾತ್ರಿ ಅಂಚಿಗೆ ಹತ್ತಿ ಸೂಜಿಯಂಥ ಸೊಂಡಿಲು ಚುಚ್ಚಿ ರಸ ಹೀರುತ್ತವೆ. ಒಂದೆರಡಿದ್ದರೆ ಕ್ಲ್ಯಾಮ್ ತಡೆದುಕೊಳ್ಳುತ್ತದೆ, ಆದರೆ ಅವು ಒಂದೆರಡಕ್ಕೆ ನಿಲ್ಲುವುದಿಲ್ಲ. ಮೊಟ್ಟೆ ಲೋಳೆಯ ಚುಕ್ಕೆಯಂತೆ ಚಿಪ್ಪಿನ ಪದರಗಳ ಅಡಿಯಲ್ಲಿ ಅಂಟಿಕೊಂಡಿರುತ್ತದೆ. ಬ್ರಷ್‌ನಿಂದ ಉಜ್ಜಿ ಅಂದದ್ದು ಇದಕ್ಕೇ. ಕಂಡರೆ ಚಿಮಟದಿಂದ ಆರಿಸಿ, ಮೂರು ನಾಲ್ಕು ವಾರ ಬಿಡದೆ ರಾತ್ರಿ ತಪಾಸಣೆ ಮಾಡಿ. ಸಿಕ್ಸ್‌ಲೈನ್ ವ್ರಾಸ್ ಮೀನು ಇವನ್ನು ತಿನ್ನುತ್ತದೆ, ಆದರೆ ಪೂರ್ತಿ ಅದರ ಮೇಲೆ ಬಿಟ್ಟು ನಿದ್ದೆ ಹೋಗುವ ಹಾಗಿಲ್ಲ.

ಬ್ರಿಸಲ್ ವರ್ಮ್ ಎಂಬ ಬಿರುಗೂದಲ ಹುಳ ಕ್ಲ್ಯಾಮ್ ಕೊಂದಿತು ಅಂತ ದೂರುವವರು ಬಹಳ. ಸಾಮಾನ್ಯವಾಗಿ ಅದು ಬರುವುದು ಕ್ಲ್ಯಾಮ್ ಸಾಯತೊಡಗಿದ ಮೇಲೆ, ಹೆಣ ತಿನ್ನಲು.

ಊಟ ಕೊಡಬೇಕಾ?

ಬೆಳಕು ಸಾಕಷ್ಟಿದ್ದು ಟ್ಯಾಂಕ್‌ನಲ್ಲಿ ಮೀನೂ ಇದ್ದರೆ ದೊಡ್ಡ ಕ್ಲ್ಯಾಮ್‌ಗೆ ಬೇರೆ ಊಟ ಬೇಡ. ಚಿಕ್ಕದಕ್ಕೆ ವಾರಕ್ಕೆ ಎರಡು ಸಲ ಜೀವಂತ ಫೈಟೊಪ್ಲಾಂಕ್ಟನ್ (ನೀರಲ್ಲಿ ತೇಲುವ ಸೂಕ್ಷ್ಮ ಪಾಚಿ) ನೀರಿಗೆ ಹಾಕಿದರೆ ಅನುಕೂಲವೇ. ಪಿಪೆಟ್‌ನಿಂದ ಸೈಫನ್ ಮೇಲೆ ಪಿಚಕಾರಿ ಹೊಡೆಯಬೇಡಿ. ಅದು ಬೆದರಿ ಮುಚ್ಚಿಕೊಳ್ಳುತ್ತದೆ, ನೀರು ಕೆಡುತ್ತದೆ ಅಷ್ಟೇ.

ಏನೋ ಸರಿ ಇಲ್ಲ ಅನಿಸಿದರೆ

ಒಳಸೈಫನ್ ಅಗಲವಾಗಿ ತೆರೆದು ಮ್ಯಾಂಟಲ್ ಜೋತು ಬಿದ್ದಿದ್ದರೆ ಅದು ಕೊನೆಯ ಹಂತದ ಹತ್ತಿರ. ಕೂಡಲೇ ಉಪ್ಪಿನಂಶ, ತಾಪಮಾನ, ಆಲ್ಕಲಿನಿಟಿ, ಅಮೋನಿಯಾ ನೋಡಿ. ಈ ನಾಲ್ಕರಲ್ಲೇ ಹೆಚ್ಚಾಗಿ ಉತ್ತರ ಸಿಗುತ್ತದೆ. ಉಪ್ಪಿನಂಶ ಅಳೆಯುವ ರಿಫ್ರ್ಯಾಕ್ಟೋಮೀಟರನ್ನು 35 ಪಿಪಿಟಿ ದ್ರಾವಣದಲ್ಲಿ ಸರಿಹೊಂದಿಸಿ ಎಷ್ಟು ಕಾಲವಾಯಿತು, ನೆನಪಿದೆಯಾ?

ನಡುವಿನಿಂದ ಬಿಳುಚಿದರೆ ಲೈಟ್ ಏಕಾಏಕಿ ಬದಲಾಗಿದೆ, ಅಥವಾ ನೀರು ಬಿಸಿಯಾಗಿದೆ, ಅಥವಾ ನೈಟ್ರೇಟ್ ಸೊನ್ನೆಗೆ ಬಿದ್ದಿದೆ. ಮ್ಯಾಂಟಲ್ ಒಂದು ಪಕ್ಕದಲ್ಲಿ ಮಾತ್ರ ಒಳಸರಿದಿದ್ದರೆ ಆ ಪಕ್ಕದಲ್ಲಿ ಯಾರೋ ಕುಟುಕುತ್ತಿದ್ದಾರೆ. ಗಾಜಿನಿಂದ ದೂರ ಕೂತು ಅರ್ಧ ಗಂಟೆ ನೋಡಿ, ಕಳ್ಳ ಸಿಗುತ್ತಾನೆ.

ಅಂಚು ಅಲ್ಲಲ್ಲಿ ಚಿವುಟಿದ ಹಾಗೆ ಸೊಟ್ಟಗಾಗಿ, ಮ್ಯಾಂಟಲ್ ಪೂರ್ತಿ ಬಿಚ್ಚಲಾಗದೆ ಇದ್ದರೆ ಅದಕ್ಕೆ ಪಿಂಚ್ಡ್ ಮ್ಯಾಂಟಲ್ ಅನ್ನುತ್ತಾರೆ. ಇದು ಒಂದರಿಂದ ಇನ್ನೊಂದಕ್ಕೆ ಹರಡುತ್ತದೆ. ಹವ್ಯಾಸಿಗಳು ಮಾಡುವ ಚಿಕಿತ್ಸೆ ಸಿಹಿನೀರಿನ ಸ್ನಾನ. ಆರ್‌ಓ ನೀರಿನ ತಾಪಮಾನ ಮತ್ತು ಪಿಎಚ್ ಎರಡನ್ನೂ ಟ್ಯಾಂಕ್‌ಗೆ ಹೊಂದಿಸಿ, ಅದರಲ್ಲಿ ಕ್ಲ್ಯಾಮನ್ನು ಸುಮಾರು ಅರ್ಧ ಗಂಟೆ ಇಡುತ್ತಾರೆ. ಕೇಳಲು ಭಯಂಕರ, ಆದರೆ ಚೇತರಿಸಿಕೊಂಡದ್ದನ್ನು ನಾನು ಕಂಡಿದ್ದೇನೆ. ಲಕ್ಷಣ ಸ್ಪಷ್ಟವಾಗಿಲ್ಲದಿದ್ದರೆ ಮಾತ್ರ ಈ ಸಾಹಸ ಬೇಡ.

ಸತ್ತಿದ್ದರೆ ತಡಮಾಡದೆ ತೆಗೆಯಿರಿ. ಕೈಯಿಂದ ಮುಟ್ಟಿದರೂ ಮುಚ್ಚುವುದಿಲ್ಲ, ವಾಸನೆಯೇ ಹೇಳುತ್ತದೆ. ಅಷ್ಟು ಮಾಂಸ ಒಂದು ರಾತ್ರಿ ಕೊಳೆತರೆ ಅಮೋನಿಯಾ ಏರಿ ಉಳಿದವೂ ಹೋಗುತ್ತವೆ. ಫಿಲ್ಟರ್‌ಗೆ ನೀರು ಶುದ್ಧ ಮಾಡುವ ಹೊಸ ಕಾರ್ಬನ್ ಹಾಕಿ, ನೀರು ಬದಲಿಸಿ.

ತಿಂಗಳು ತುಂಬಿದ ಮೇಲೆ

ಚಿಪ್ಪಿನ ಮೇಲಂಚಿನಲ್ಲಿ, ಮ್ಯಾಂಟಲ್ ಅಡಿಯಲ್ಲಿ, ಅಪ್ಪಟ ಬಿಳಿಯ ತೆಳು ಗೆರೆ ಮೂಡಿದೆಯಾ ನೋಡಿ. ಅದು ಹೊಸ ಚಿಪ್ಪು. ಅದು ಕಂಡ ದಿನದಿಂದ ಟ್ಯಾಂಕ್‌ನ ಕ್ಯಾಲ್ಸಿಯಂ, ಆಲ್ಕಲಿನಿಟಿ ಬೇಗ ಖರ್ಚಾಗತೊಡಗುತ್ತವೆ. ಅದರಲ್ಲೂ ಡೆರಾಸಾ ಹಸಿದ ಹುಡುಗನ ಹಾಗೆ ಎಳೆದುಕೊಳ್ಳುತ್ತದೆ. ಮೂರು ದಿನ ಒಂದೇ ಹೊತ್ತಿಗೆ ಆಲ್ಕಲಿನಿಟಿ ಅಳೆದು ಬರೆದಿಡಿ. ದಿನಕ್ಕೆ ಎಷ್ಟು ಇಳಿಯುತ್ತದೋ ಅಷ್ಟನ್ನೇ ಡೋಸ್ ಮಾಡಿ, ಆದರೆ ಒಂದೇ ಸಲ ಸುರಿಯದೆ ಹಲವು ಸಲ ಸ್ವಲ್ಪ ಸ್ವಲ್ಪ ಹಾಕಿ. ಮುಂದಿನ ತಿಂಗಳು ಮತ್ತೆ ಅಳೆಯಬೇಕಾಗುತ್ತದೆ, ಯಾಕೆಂದರೆ ಅಷ್ಟರಲ್ಲಿ ಗೆರೆ ಇನ್ನೂ ಅಗಲವಾಗಿರುತ್ತದೆ.